ಕಾಡಿನಲ್ಲೊಂದು ಮರೆಯ ಮನೆ

(ಬಾನುಲಿ ಭಾಷಣದ ಬರಹರೂಪ)

ಕನ್ನಡದಲ್ಲಿ 'ಮರೆ' ಎಂಬುದು ಎರಡು ಮುಖದ ಮಾತು. ನಾಮಪದವಾಗಿ ನಿಂತಾಗ ಅದು ಅಡ್ಡ, ಆಸರೆ, ಕಣ್ಣಿಗೆ ಬೀಳದ ತಾಣ ಎಂಬ ಅರ್ಥಗಳನ್ನು ಕೊಡುತ್ತದೆ. ಕ್ರಿಯಾಪದವಾಗಿ ನಡೆದಾಗ ನೆನಪನ್ನು ಕಳೆದುಕೊಳ್ಳುವುದೆಂಬ ಅರ್ಥವನ್ನು ಕೊಡುತ್ತದೆ. ಹಳಗನ್ನಡದಲ್ಲಿ ಇವೆರಡನ್ನೂ ಶಕಟರೇಫದಿಂದಲೇ ಬರೆಯುತ್ತಿದ್ದರು. ತಮಿಳಿನಲ್ಲಿಯೂ ಅಡಗಿಸುವುದಕ್ಕೆ 'ಮಱೈ' ಎಂದೂ ಮರೆತುಬಿಡುವುದಕ್ಕೆ 'ಮಱ' ಎಂದೂ ಹೇಳುವುದನ್ನು ನೋಡಿದರೆ, ಎರಡೂ ಒಂದೇ ಬಳ್ಳಿಯ ಕಾಯಿಗಳೆಂದು ತೋರುತ್ತದೆ. ಮಲೆನಾಡಿನ ಬೇಟೆಗಾರರ ಬಾಯಲ್ಲಿ ಈ ಕುಲದ ಇನ್ನೊಂದು ಮಾತುಂಟು: 'ಮರಸು'. ಮೃಗಗಳು ನೀರಿಗೋ ಮೇವಿಗೋ ಬರುವ ದಾರಿಯಲ್ಲಿ ಸೊಪ್ಪುಸದೆಯ ಹಿಂದೆಯೋ ಮರದ ಕವಲಿನಲ್ಲಿಯೋ ಉಸಿರು ಬಿಗಿಹಿಡಿದು ಕುಳಿತಿರುವುದಕ್ಕೆ 'ಮರಸು ಕೂರುವುದು' ಎನ್ನುತ್ತಿದ್ದರು. ನೋಡುವ ಕಣ್ಣು ನೋಡುವುದನ್ನೇ ಮರೆಯುವಂತೆ ಮಾಡುವ ವಿದ್ಯೆ ಇದು.

ಕಾಡಿನಲ್ಲಿ ಕಾಡಿನದೇ ವಸ್ತುಗಳಿಂದ ಒಂದು ಆಸರೆಯನ್ನು ಕಟ್ಟಿಕೊಂಡು, ಅದು ಹೊರಗಿನವರ ಕಣ್ಣಿಗೆ ಬೀಳದಂತೆ ಬದುಕುವುದು ಹೇಗೆ ಎಂಬುದು ಈ ಹೊತ್ತಿನ ನನ್ನ ವಿಷಯ. ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಈ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಅಜ್ಞಾತವಾಸವನ್ನು ತೆಗೆದುಹಾಕಿದರೆ ಭಾರತ ಉಳಿಯುವುದೆ? ಅಡಗಬೇಕಾಗಿ ಬಂದ ಮನುಷ್ಯನ ಕಥೆ ಸಾಹಿತ್ಯಕ್ಕೆ ಹೊರಗಿನದಲ್ಲ. ಆದರೆ ನಾನು ಮೊದಲು ಹೇಳಲಿರುವುದು ಪುರಾಣದ ಕಥೆಯನ್ನಲ್ಲ, ನಮ್ಮ ಕಾಲದಲ್ಲಿಯೇ ನಡೆದದ್ದನ್ನು.

1972ನೆಯ ಇಸವಿ ಜನವರಿ 24ರ ಸಂಜೆ. ಶಾಂತಸಾಗರದಲ್ಲಿರುವ ಗುವಾಮ್ ಎಂಬ ದ್ವೀಪದಲ್ಲಿ, ತಾಲೊಫೊಫೊ ಹೊಳೆಯ ಬಳಿ, ಆ ದ್ವೀಪದವರೇ ಆದ ಇಬ್ಬರು ಹೋಗುತ್ತಿದ್ದಾಗ, ಸಿಗಡಿ ಹಿಡಿಯುವ ಬುಟ್ಟಿಯನ್ನು ನೀರಿಗೊಡ್ಡಲು ಬಂದಿದ್ದ ಒಬ್ಬ ಕೃಶದೇಹಿ ಎದುರಾದನು. ಅವನು ಗಾಬರಿಗೊಂಡು ಅವರ ಮೇಲೆ ಎರಗಿದನು. ಅವರು ಹಿಡಿದು ಊರಿಗೆ ಕರೆತಂದರು. ವಿಚಾರಿಸಿದಾಗ ಆತ ಜಪಾನಿ ಸೇನೆಯ ಸಾರ್ಜೆಂಟ್ ಶೊಯಿಚಿ ಯೊಕೊಯಿ ಎಂದು ತಿಳಿಯಿತು. 1944ರ ಜುಲೈಯಲ್ಲಿ ಅಮೆರಿಕದ ಸೇನೆ ಆ ದ್ವೀಪಕ್ಕೆ ಬಂದಿಳಿದಾಗ ಕಾಡು ಹೊಕ್ಕವನು, 28 ವರ್ಷಗಳ ತರುವಾಯ ಹೊರಗೆ ಬಂದಿದ್ದನು. ಆಗ ಅವನಿಗೆ 56 ವರ್ಷ ವಯಸ್ಸು. ಆ ದ್ವೀಪದ ವಿಸ್ತಾರವಾದರೂ ಎಷ್ಟು? ಸುಮಾರು 540 ಚದರ ಕಿಲೋಮೀಟರು. ನಮ್ಮ ಕೊಡಗು ಜಿಲ್ಲೆಯ ಸುಮಾರು ಏಳೂವರೆಯಲ್ಲಿ ಒಂದು ಪಾಲು. ಊರುಗಳೂ ರಸ್ತೆಗಳೂ ಸೈನ್ಯದ ನೆಲೆಗಳೂ ಇದ್ದ ಅಷ್ಟೇ ನೆಲದಲ್ಲಿ ಒಬ್ಬ ಮನುಷ್ಯ ಕಾಲು ಶತಮಾನಕ್ಕೂ ಮಿಕ್ಕಿ ಕಾಣದೆ ಉಳಿದದ್ದು ಹೇಗೆ?

ಅವನ ಮನೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. ನೆಲದ ಮೇಲೆ ಅವನು ಏನನ್ನೂ ಕಟ್ಟಿರಲಿಲ್ಲ. ಬಿದಿರು ಬೆಳೆದ ಜಾಗದಲ್ಲಿ ಎರಡು ಮೀಟರಿಗೂ ಹೆಚ್ಚು ಆಳದ ಕಿರಿದಾದ ಬಾವಿಯಂಥ ಗುಂಡಿ. ಅದರ ತಳದಿಂದ ಪಕ್ಕಕ್ಕೆ ಕೊರೆದ, ಸುಮಾರು ಒಂದು ಮೀಟರು ಎತ್ತರದ, ಮೂರು ಮೀಟರು ಉದ್ದದ ಒಂದು ಪೊಟರೆ. ಒಳಗೆ ಮಣ್ಣು ಕುಸಿಯದಂತೆ ಬಿದಿರ ಗಳುಗಳ ಆಧಾರ. ಇಳಿಯುವುದಕ್ಕೆ ಬಿದಿರ ಏಣಿ. ಬಾಯಿಗೆ ಬಿದಿರನ್ನು ಹೆಣೆದು ಮಾಡಿದ ಮುಚ್ಚಳ, ಅದರ ಮೇಲೆ ಎಲೆ. ಉಣ್ಣಲು ಸಿಗಡಿ, ಹಾವುಮೀನು, ಕಪ್ಪೆ, ಇಲಿ, ತೆಂಗು, ಹಲಸಿನ ಜಾತಿಯ ದೀವಿಕಾಯಿ. ಉಡುವುದಕ್ಕೆ 'ಪಾಗೊ' ಎಂಬ ಮರದ ನಾರು. ಅದು ನಮ್ಮ ದಾಸವಾಳದ ಕುಲದ ಮರ. ತೊಗಟೆಯನ್ನು ಬಡಿದು ನಾರು ತೆಗೆದು, ಎಳೆ ಮಾಡಿ, ತಾನೇ ನೇಯ್ದು, ತಾನೇ ಹೊಲಿದು ತೊಟ್ಟನು. ಏಕೆಂದರೆ ಸೈನಿಕನಾಗುವ ಮೊದಲು ಅವನ ಕಸುಬು ದರ್ಜಿಯದು.

ಈ ಕಸುಬಿನ ಸಂಗತಿ ನನ್ನ ಮನಸ್ಸಿನಲ್ಲಿ ಬಹಳ ದಿನ ಸುಳಿದಾಡಿತು. ಹೊಲಿಗೆ ಕಾಣದಂತೆ ಹೊಲಿಯುವುದು ಒಳ್ಳೆಯ ದರ್ಜಿಯ ಹೆಮ್ಮೆ. ಕಾಡಿನಲ್ಲಿ ಅಡಗುವವನೂ ಮಾಡಬೇಕಾದದ್ದು ಅದನ್ನೇ. ಕಾಡು ಒಂದು ಹಚ್ಚಡ. ಅದರಲ್ಲಿ ಮನುಷ್ಯನದೊಂದು ತೇಪೆ. ತೇಪೆ ಇರಲಿ, ಅದರ ಅಂಚು ಮಾತ್ರ ಕಾಣಿಸಬಾರದು.

ಅಂಚು ಏಕೆ ಕಾಣಿಸುತ್ತದೆ ಎಂಬುದನ್ನು ಮೊದಲು ಶಾಸ್ತ್ರೀಯವಾಗಿ ಚಿಂತಿಸಿದವರಲ್ಲಿ ಚಿತ್ರಕಾರರೇ ಮುಂದಾಗಿದ್ದರು. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ ಮತ್ತು ಆತನ ಮಗ 1909ರಲ್ಲಿ ಪ್ರಾಣಿಗಳ ಮರೆಬಣ್ಣವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಬಿಸಿಲು ಬೀಳುವ ಬೆನ್ನು ಕಪ್ಪಾಗಿಯೂ ನೆರಳಿನಲ್ಲಿರುವ ಹೊಟ್ಟೆ ಬೆಳ್ಳಗೂ ಇರುವುದರಿಂದ ಜಿಂಕೆಯಂಥ ಪ್ರಾಣಿ ಉಬ್ಬುತಗ್ಗು ಕಳೆದುಕೊಂಡು ಚಪ್ಪಟೆಯಾಗಿ ತೋರುತ್ತದೆ, ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ ಎಂದು ಅವರು ತೋರಿಸಿದರು. 1940ರಲ್ಲಿ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಹ್ಯೂ ಕಾಟ್ ತನ್ನ ಗ್ರಂಥದಲ್ಲಿ ಇನ್ನೊಂದು ತತ್ತ್ವವನ್ನು ವಿಸ್ತರಿಸಿದನು: ಬಣ್ಣ ಹೊಂದಿದರಷ್ಟೇ ಸಾಲದು, ಆಕಾರದ ಹೊರಗೆರೆಯೇ ಒಡೆಯಬೇಕು. ಹುಲಿಯ ಪಟ್ಟೆಗಳು ಮಾಡುವ ಕೆಲಸ ಇದೇ. ನಮ್ಮ ಕಣ್ಣು ವಸ್ತುವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಹೊರಗೆರೆಯಿಂದ. ಗೆರೆ ತುಂಡಾಯಿತೆಂದರೆ ಮುಂದಿರುವ ಹುಲಿ ಹುಲ್ಲಾಗುತ್ತದೆ.

ಕಾಡಿನ ಆಸರೆಗೆ ಇದನ್ನು ಹೊಂದಿಸಿ ನೋಡೋಣ. ಮನುಷ್ಯನ ಕೈ ಮೊದಲು ಹಾಕುವುದು ನೇರವಾದ ಗೆರೆ. ಕಂಬ ನೆಟ್ಟಗೆ, ತೊಲೆ ಅಡ್ಡಕ್ಕೆ, ಸೂರಿನ ಅಂಚು ಕತ್ತರಿಸಿದಂತೆ ಸಮನಾಗಿ. ಕಾಡಿನಲ್ಲಿ ಅಂಥ ಗೆರೆ ಅಪರೂಪ. ಆದುದರಿಂದ ಹೊದಿಕೆಯ ಅಂಚನ್ನು ಹರಕುಮುರುಕಾಗಿಯೇ ಬಿಡಬೇಕು. ಕೊಂಬೆಗಳ ತುದಿ ಒಂದೆಡೆ ಚಾಚಲಿ, ಒಂದೆಡೆ ಕುಗ್ಗಲಿ. ಎರಡನೆಯದು ನೆರಳು. ಒಳಗಿನ ಕತ್ತಲೆ ಬಾಗಿಲಲ್ಲಿ ಕಪ್ಪು ಚೌಕವಾಗಿ ನಿಂತರೆ ಎಲೆಗಳೆಲ್ಲ ವ್ಯರ್ಥ. ಬಾಗಿಲು ಚಿಕ್ಕದಾಗಿ, ನೆಲಕ್ಕೆ ತಗ್ಗಿ, ಒಂದು ಪೊದೆಯ ಹಿಂದೆ ಇರಬೇಕು. ಮೂರನೆಯದು ಹೊಳಪು: ಲೋಹದ ಪಾತ್ರೆ, ಕನ್ನಡಕದ ಗಾಜು, ಹೊಸದಾಗಿ ಸೀಳಿದ ಮರದ ಬಿಳಿಯ ಮೈ. ಕಡಿದ ಕೊಂಬೆಯ ಬುಡಕ್ಕೆ ಹಸಿಮಣ್ಣು ಬಳಿಯದಿದ್ದರೆ ಅದು ದೀಪದಂತೆ ದೂರಕ್ಕೆ ಕಾಣುತ್ತದೆ. ಇನ್ನು ನೆತ್ತಿಯ ಮೇಲೆ ಆಕಾಶವಿರುವ ದಿಣ್ಣೆಯಲ್ಲಿ ಕಟ್ಟಿದರಂತೂ ಯಾವ ಹೊದಿಕೆಯೂ ಕಾಪಾಡಲಾರದು. ಬೆಳಕಿನ ಎದುರು ಹುಲ್ಲುಕಡ್ಡಿಗೂ ಆಕಾರವುಂಟು.

ಇಷ್ಟನ್ನು ಪುಸ್ತಕದಿಂದ ಕಲಿಯಬಹುದು. ನಾನು ಕಲಿತ ಮುಖ್ಯ ಪಾಠ ಮಾತ್ರ ಒಂದು ಹಕ್ಕಿಯ ಕೇಡಿನಿಂದ ಬಂದದ್ದು. ಅಧ್ಯಾಪಕನಾಗಿದ್ದ ಹೊಸದರಲ್ಲಿ, ಬೇಸಗೆಯ ರಜೆಯಲ್ಲಿ, ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮಿತ್ರರೊಬ್ಬರೊಡನೆ ಒಣಗಿದ ಕೆರೆಯ ಅಂಗಳಕ್ಕೆ ಹೋಗುತ್ತಿದ್ದೆ. ಅಲ್ಲಿ ಟಿಟ್ಟಿಭವೊಂದು ನಾಲ್ಕು ಮೊಟ್ಟೆ ಇಟ್ಟಿತ್ತು. ಪಂಚತಂತ್ರದಲ್ಲಿ ಸಮುದ್ರದೊಡನೆ ಹಗೆ ಕಟ್ಟಿಕೊಂಡ ಹಕ್ಕಿ ಇದೇ. ಇದು ಗೂಡು ಕಟ್ಟುವುದಿಲ್ಲ; ಬಯಲಿನಲ್ಲಿ ಒಂದಿಷ್ಟು ನೆಲ ಕೆದಕಿ, ಕಲ್ಲುಹರಳುಗಳ ನಡುವೆ ಮಣ್ಣಿನ ಬಣ್ಣದ, ಕಪ್ಪು ಮಚ್ಚೆಯ ಮೊಟ್ಟೆಗಳನ್ನಿಡುತ್ತದೆ. ಎರಡು ಮಾರು ದೂರದಲ್ಲಿ ನಿಂತು ಹುಡುಕಿದರೂ ಮೊಟ್ಟೆ ಕಾಣದು. ಅದನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯಿಂದ ನಾವು ಬಿದಿರ ಗಳುಗಳನ್ನು ನೆಟ್ಟು, ಹೊಂಗೆಯ ಸೊಪ್ಪನ್ನು ಹೇರಿ, ಒಂದು ಮರಸು ಕಟ್ಟಿ ಒಳಗೆ ಕುಳಿತೆವು. ನಮ್ಮ ಕಣ್ಣಿಗೆ ಅದು ಸೊಗಸಾದ ಹಸಿರು ಪೊದೆ. ಹಕ್ಕಿ ಮಾತ್ರ ಸುತ್ತಲೂ ಹಾರಾಡಿ ಕೂಗಿತೇ ಹೊರತು ಕಾವು ಕೂರಲಿಲ್ಲ. ಮಾರನೆಯ ದಿನ ಸೊಪ್ಪು ಬಾಡಿ ಎಲೆಗಳು ಸುರುಳಿಗೊಂಡು ಜೋತಿದ್ದವು. ಮೂರನೆಯ ದಿನ ಹೋಗುವಷ್ಟರಲ್ಲಿ ಕಾಗೆಗಳು ಮೊಟ್ಟೆಯನ್ನು ಕುಕ್ಕಿ ಮುಗಿಸಿದ್ದವು. ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ನಮ್ಮ ಪೊದೆಯನ್ನು ನೋಡಿ, "ಅಲ್ಲ ಮೇಷ್ಟ್ರೇ, ನಿನ್ನೆ ಇಲ್ದಿದ್ದ ಗಿಡ ಇವತ್ತು ಹೆಂಗೆ ಹುಟ್ತು ಅಂತ ಹಕ್ಕಿ ಕೇಳಲ್ವಾ?" ಎಂದನು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಮರೆಯ ವಿದ್ಯೆಯ ಮರ್ಮವೆಲ್ಲ ಆ ಮಾತಿನಲ್ಲಿದೆ. ಹಸಿರಾಗಿರುವುದು ಮುಖ್ಯವಲ್ಲ, ನಿನ್ನೆ ಇದ್ದಂತೆ ಇಂದೂ ಇರುವುದು ಮುಖ್ಯ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ 1915ರಲ್ಲಿ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ಸೇರಿಸಿ ಮರೆಮಾಚುವ ದಳವೊಂದನ್ನು ಏರ್ಪಡಿಸಿತು. ಬ್ರಿಟಿಷರು ಅವರನ್ನು ಅನುಸರಿಸಿದರು. ಅವರು ಮಾಡಿದ ಒಂದು ಕೆಲಸವನ್ನು ಕೇಳಿ. ರಣರಂಗದ ನಡುವೆ ಗುಂಡೇಟಿಗೆ ಸತ್ತುನಿಂತ ಮರವೊಂದನ್ನು ಆರಿಸಿಕೊಂಡು, ಅದರ ಗಂಟು, ಸೀಳು, ಮುರಿದ ಕೊಂಬೆಗಳನ್ನೆಲ್ಲ ಬರೆದುಕೊಂಡು, ಅದೇ ಅಳತೆಯಲ್ಲಿ ಉಕ್ಕಿನ ಪೊಳ್ಳುಮರವನ್ನು ಮಾಡುತ್ತಿದ್ದರು. ಒಂದು ರಾತ್ರಿ, ಫಿರಂಗಿಗಳ ಸದ್ದಿನ ಮರೆಯಲ್ಲಿ, ನಿಜವಾದ ಮರವನ್ನು ಕಡಿದುರುಳಿಸಿ ಕೃತಕ ಮರವನ್ನು ಅದೇ ತಾಣದಲ್ಲಿ ನಿಲ್ಲಿಸುತ್ತಿದ್ದರು. ಬೆಳಗಾದಾಗ ಶತ್ರುವಿನ ಕಣ್ಣಿಗೆ ನಿನ್ನೆಯ ಮರವೇ ಅಲ್ಲಿತ್ತು. ಒಳಗೆ ಕುಳಿತ ಸೈನಿಕ ಮಾತ್ರ ಹೊಸಬ. ಕುರುಬ ಮುದುಕನ ಪ್ರಶ್ನೆಗೆ ಆ ಕಲಾವಿದರು ಮೊದಲೇ ಉತ್ತರ ಕಂಡುಕೊಂಡಿದ್ದರು.

ಕಡಿದ ಸೊಪ್ಪಿನ ದೋಷವಂತೂ ವಿಜ್ಞಾನಕ್ಕೆ ಚೆನ್ನಾಗಿ ತಿಳಿದದ್ದು. ಎಲೆ ಬಾಡಿದಂತೆಲ್ಲ ಮಗುಚಿಕೊಂಡು ತನ್ನ ಬಿಳಿಚಿದ ಕೆಳಮೈಯನ್ನು ತೋರಿಸುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ: ಬದುಕಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹಳವಾಗಿ ಪ್ರತಿಫಲಿಸುತ್ತದೆ, ಸತ್ತ ಎಲೆಯೂ ಸಾಮಾನ್ಯ ಹಸಿರು ಬಣ್ಣ ಬಳಿದ ಬಟ್ಟೆಯೂ ಹಾಗೆ ಮಾಡಲಾರವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಬೆಳಕನ್ನು ಹಿಡಿಯುವ ವಿಶೇಷ ಫಿಲ್ಮುಗಳನ್ನು ವಿಮಾನಗಳಲ್ಲಿ ಬಳಸತೊಡಗಿದರು. ಅವುಗಳಲ್ಲಿ ಜೀವಂತ ಕಾಡು ಕೆಂಪಾಗಿಯೂ ಮನುಷ್ಯನ ಸುಳ್ಳು ಹಸಿರು ಬೇರೆ ಬಣ್ಣವಾಗಿಯೂ ಮೂಡುತ್ತಿದ್ದವು. ಆದ್ದರಿಂದ ಬಲ್ಲವರು ಹಸಿಸೊಪ್ಪನ್ನು ಆದಷ್ಟು ಕಡಿಯುವುದಿಲ್ಲ. ಬೇರಿನೊಡನೆ ನಿಂತ ಪೊದೆ, ಹಬ್ಬಿದ ಬಳ್ಳಿ, ಬಾಗಿದ ಬಿದಿರು, ಇವುಗಳ ಅಡಿಯಲ್ಲಿ ತಾವು ಹೊಂದಿಕೊಂಡು, ಮೇಲೆ ಉದುರಿದ ತರಗೆಲೆಯನ್ನು ಹರಡುತ್ತಾರೆ. ಒಣಗಿದ್ದು ಮತ್ತೆ ಬಾಡುವುದಿಲ್ಲವಷ್ಟೆ.

ತರಗೆಲೆಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಬಿದಿರ ಮೆಳೆಯ ಕೆಳಗೆ ತೇಗದ ಅಗಲವಾದ ಎಲೆ ಬಿದ್ದಿದ್ದರೆ ಕಾಡು ಬಲ್ಲವನ ಕಣ್ಣು ಅಲ್ಲಿ ತಡೆಯುತ್ತದೆ. ಮೇಲೆ ಯಾವ ಮರವೋ ಕೆಳಗೆ ಅದರದೇ ಎಲೆ. ಆದರೆ ಅದನ್ನು ಆಸರೆಯ ಸುತ್ತಲಿಂದಲೇ ಗುಡಿಸಿ ತೆಗೆದರೆ ನೆಲ ಅಂಗಳದಂತೆ ಬೋಳಾಗಿ ಗುಟ್ಟನ್ನು ಹೊರಗೆಡಹುತ್ತದೆ. ದೂರದಿಂದ, ಇಲ್ಲೊಂದು ಹಿಡಿ ಅಲ್ಲೊಂದು ಹಿಡಿ ತರಬೇಕು. ಪಾಚಿ ಬೆಳೆದ ಕೊಂಬೆಯಾದರೆ ಪಾಚಿಯ ಮೈ ನೆಳಲಿನ ಕಡೆಗೆ ಬರುವಂತೆ, ನೆಲದಲ್ಲಿ ಬಿದ್ದಿದ್ದ ಕಲ್ಲಾದರೆ ಬಿಸಿಲು ಕಂಡ ಮೈ ಮೇಲಾಗುವಂತೆ ಇಡಬೇಕು.

ಹೊದಿಕೆ ಮರೆಗಷ್ಟೇ ಅಲ್ಲ, ಪ್ರಾಣರಕ್ಷಣೆಗೂ ಬೇಕು. ನೀಳವಾದ ಒಂದು ಕೊಂಬೆಯ ತುದಿಯನ್ನು ಸೊಂಟದೆತ್ತರದ ಮೋಟುಮರಕ್ಕೆ ಆನಿಸಿ, ಇನ್ನೊಂದು ತುದಿಯನ್ನು ನೆಲಕ್ಕೂರಿ, ಎರಡು ಪಕ್ಕಕ್ಕೂ ಪಕ್ಕೆಲುಬಿನಂತೆ ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ, ಅವುಗಳ ಮೇಲೆ ತರಗನ್ನು ಒಂದು ತೋಳಿನಷ್ಟು ದಪ್ಪಕ್ಕೆ ಪೇರಿಸಿದರೆ, ಇಳಿಜಾರು ಕಡಿದಾಗಿದ್ದ ಪಕ್ಷದಲ್ಲಿ, ಸಾಧಾರಣ ಮಳೆ ಒಳಗಿಳಿಯದು. ಎಲೆಗಳ ನಡುವೆ ಸಿಕ್ಕಿದ ಗಾಳಿಯೇ ಕಂಬಳಿಯಾಗುತ್ತದೆ. ಒಳಗೆ ಒಬ್ಬ ಮಲಗುವಷ್ಟೇ ಜಾಗವಿದ್ದರೆ ಮೈಯ ಕಾವೇ ಅದನ್ನು ಬೆಚ್ಚಗಿಡುತ್ತದೆ. ಹೊರಗಿನಿಂದ ಅದು ಬಿದ್ದ ಮರಕ್ಕೆ ಗಾಳಿ ತಂದು ಒಟ್ಟಿದ ತರಗಿನ ರಾಶಿ. ಒಣಹಳ್ಳದ ಪಾತ್ರದಲ್ಲಿ ಮಾತ್ರ ಕಟ್ಟಕೂಡದು. ಎಲ್ಲೋ ಬಿದ್ದ ಮಳೆ ಇಲ್ಲಿಗೆ ಹೇಳಿಕಳುಹಿಸಿ ಬರುವುದಿಲ್ಲ. ಒಣಕೊಂಬೆ ತೂಗುವ ಮರದಡಿಯೂ ಮೃಗಗಳ ಜಾಡೂ ವರ್ಜ್ಯ. ಮಲಗುವ ಮುನ್ನ ಹಾವುಚೇಳುಗಳಿಗಾಗಿ ಕೋಲಿನಿಂದ ಕೆದಕಿ ನೋಡುವುದನ್ನು ಮರೆಯಬಾರದು. ಮರೆ ಅವಕ್ಕೂ ಪ್ರಿಯ.

ಆಸರೆ ಅಡಗಿತು. ಇನ್ನು ಅಡಗಬೇಕಾದವನು ಮನುಷ್ಯ. ಕಷ್ಟವಿರುವುದು ಇಲ್ಲಿಯೇ. ನೀರಿಗೆ ದಿನವೂ ಒಂದೇ ದಾರಿಯಲ್ಲಿ ಹೋದರೆ ಕೆಲವು ದಿನಗಳಲ್ಲಿ ಕಾಲುದಾರಿ ಬೀಳುತ್ತದೆ. ಅದು ಬಾಗಿಲಿಗೆ ಕರೆದೊಯ್ಯುವ ಬೆರಳು. ಹಸಿ ಸೌದೆ ಹೊಗೆಯನ್ನು ಎಬ್ಬಿಸುತ್ತದೆ. ಬೂದಿ, ಸಿಪ್ಪೆ, ಮೂಳೆ ವಾಸನೆಯನ್ನು ಹರಡುತ್ತವೆ. ಮನುಷ್ಯ ಕದಲಿದನೆಂದರೆ ಮುಸುವ ಕೂಗುತ್ತದೆ, ಟಿಟ್ಟಿಭ ಊರಿಗೆಲ್ಲ ಸಾರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಹಗೆ ಮಾತು. ವ್ಯಾಸಭಾರತದ ಶಲ್ಯಪರ್ವವನ್ನು ನೆನೆಯಿರಿ. ದುರ್ಯೋಧನ ಸರೋವರದ ನೀರನ್ನು ಸ್ತಂಭಿಸಿ ಒಳಗೆ ಅಡಗಿದ್ದನು. ಅದಕ್ಕಿಂತ ಸಹಜವಾದ ಮರೆ ಯಾವುದುಂಟು? ಪಾಂಡವರ ಚಾರರು ಹುಡುಕಿ ಸೋತಿದ್ದರು. ಆದರೆ ಅಶ್ವತ್ಥಾಮಾದಿಗಳು ದಡದಲ್ಲಿ ನಿಂತು ಅವನೊಡನೆ ಮಾತನಾಡಿದರು. ಭೀಮನಿಗೆ ಮಾಂಸ ಒದಗಿಸುತ್ತಿದ್ದ ಬೇಡರು ನೀರಿಗೆಂದು ಬಂದವರು ಅದನ್ನು ಕೇಳಿಸಿಕೊಂಡರು. ನೀರು ಕಾಪಾಡಿದ ಗುಟ್ಟನ್ನು ನಾಲಗೆ ಬಿಟ್ಟುಕೊಟ್ಟಿತು.

ಅದೇ ಭಾರತದಲ್ಲಿ ಪಾಂಡವರು ಆಯುಧಗಳನ್ನು ಅಡಗಿಸಿದ ಬಗೆ ಇದಕ್ಕೆ ಎದುರಾದದ್ದು. ದಾರಿಯಿಂದ ದೂರ, ಮಸಣದ ಹತ್ತಿರ, ಹತ್ತಲು ಕಷ್ಟವಾದ ಬನ್ನಿಯ ಮರವನ್ನು ಅವರು ಆರಿಸಿಕೊಂಡರು. ಮಳೆ ತಾಗದ ಕೊಂಬೆಗಳಲ್ಲಿ ಆಯುಧಗಳನ್ನು ಬಿಗಿದರು. ಅಲ್ಲಿಯೇ ಒಂದು ಶವವನ್ನೂ ಕಟ್ಟಿದರು. ದನಕಾಯುವವರು ಕೇಳಿದಾಗ, ನೂರೆಂಬತ್ತು ವರ್ಷದ ನಮ್ಮ ತಾಯಿ, ಇದು ನಮ್ಮ ಕುಲಾಚಾರ ಎಂದರು. ಕಾಣದಂತೆ ಮಾಡುವುದಕ್ಕಿಂತ ಮೇಲಾದದ್ದು ನೋಡುವ ಮನಸ್ಸೇ ಬಾರದಂತೆ ಮಾಡುವುದು. ಯಾರಿಗೂ ಬೇಡವಾದ ಮುಳ್ಳುಮೆಳೆ, ಜವುಗು, ಯಾರೂ ಕಾರಣವಿಲ್ಲದೆ ಹೋಗದ ಮೂಲೆ, ಇವು ಆಸರೆಗೆ ಒಳ್ಳೆಯ ತಾಣಗಳಾಗುವುದು ಇದೇ ಕಾರಣದಿಂದ.

ಯೊಕೊಯಿ ಸಿಕ್ಕಿಬಿದ್ದದ್ದೂ ಮನೆಯ ದೋಷದಿಂದಲ್ಲ. ಅವನ ನೆಲಮಾಳಿಗೆಯನ್ನು ಯಾರೂ ಕಂಡುಹಿಡಿಯಲಿಲ್ಲ. ಹೊಟ್ಟೆಪಾಡು ಅವನನ್ನು ಹೊಳೆಗೆ ಎಳೆತಂದಿತು. ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಲ್ಲಿ 1974ರ ಮಾರ್ಚ್‌ವರೆಗೆ ಅಡಗಿದ್ದ ಇನ್ನೊಬ್ಬ ಜಪಾನಿ, ಹಿರೂ ಒನೊಡ, ಬೇರೆ ದಾರಿಯನ್ನು ಹಿಡಿದಿದ್ದನು. ಅವನಿಗೆ ಸ್ಥಿರವಾದ ಮನೆಯೇ ಇರಲಿಲ್ಲ. ಮಳೆಗಾಲಕ್ಕೆ ಬೆಟ್ಟದೊಳಗೆ ಒಂದು ಗುಡಿಸಲು. ಮಳೆ ಮುಗಿದೊಡನೆ ಅದನ್ನು ಬಿಚ್ಚಿಹಾಕಿ, ಬೇಸಗೆಯೆಲ್ಲ ಜಾಗ ಬದಲಿಸುತ್ತ ಬಯಲಿನಲ್ಲಿ ಮಲಗುವುದು. ಅವನ ಜಾಣ್ಮೆಯನ್ನು ಮೆಚ್ಚುವವರು ಇನ್ನೊಂದನ್ನೂ ನೆನೆಯಬೇಕು: ಮುಗಿದುಹೋದ ಯುದ್ಧವನ್ನು ಆತನೂ ಸಂಗಡಿಗರೂ ಮುಂದುವರಿಸಿದ್ದರಿಂದ ಆ ದ್ವೀಪದ ರೈತರು ಹಲವರು ಪ್ರಾಣ ಕಳೆದುಕೊಂಡರು.

ನಮಗೆ ಈ ವಿದ್ಯೆಯಿಂದ ಏನಾಗಬೇಕು? ನಮ್ಮ ದೇಶದಲ್ಲಿ 1972ರಲ್ಲಿಯೇ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂತು. ಬಂದೂಕು ಹಿಡಿದು ಮರಸು ಕೂರುವ ಕಾಲ ಮುಗಿಯಿತು. ಕ್ಯಾಮರಾ ಹಿಡಿದು ಕೂರುವವರಿಗೆ ಕುರುಬ ಮುದುಕನ ಮಾತೇ ಉಪದೇಶ: ಮರೆಯನ್ನು ದೂರದಲ್ಲಿ ಕಟ್ಟಿ, ದಿನಕ್ಕಿಷ್ಟಿಷ್ಟು ಮುಂದಕ್ಕೆ ಸರಿಸುತ್ತ, ಹಕ್ಕಿ ಅದನ್ನು ನಿನ್ನೆಯದೆಂದು ಒಪ್ಪಿಕೊಳ್ಳುವವರೆಗೆ ಕಾಯಬೇಕು, ಅದು ಒಪ್ಪದಿದ್ದರೆ ಬಿಚ್ಚಿಕೊಂಡು ಹಿಂದಿರುಗಬೇಕು. ಚಾರಣಕ್ಕೆ ಹೋಗಿ ದಾರಿ ತಪ್ಪಿದವರಾದರೋ ನಾನು ಹೇಳಿದ್ದನ್ನೆಲ್ಲ ತಿರುವುಮುರುವಾಗಿ ಮಾಡಬೇಕು. ತರಗಿನ ಗೂಡು ಚಳಿಯಿಂದ ಕಾಪಾಡುತ್ತದೆ ನಿಜ. ಆದರೆ ಹುಡುಕಲು ಬಂದವರು ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುವಷ್ಟು ಚೆನ್ನಾಗಿ ಅದು ಮರೆಯಾಗಿರುತ್ತದೆ. ಗೂಡಿನ ಮೇಲೆ ಬಣ್ಣದ ಬಟ್ಟೆಯೊಂದನ್ನು ಎತ್ತಿ ಕಟ್ಟಬೇಕು, ಬಯಲಿನಲ್ಲಿ ನೇರವಾದ ಗೆರೆಗಳನ್ನು ಕಲ್ಲಿನಿಂದ ಜೋಡಿಸಬೇಕು, ಮೂರು ಮೂರು ಸಲ ಕೂಗಬೇಕು. ಮೂರರ ಸಂಕೇತ ಲೋಕವೆಲ್ಲ ಬಲ್ಲ ಆರ್ತನಾದ. ಅಡಗುವುದನ್ನು ಕಲಿಯುವವನು ಕಾಣಿಸಿಕೊಳ್ಳುವುದನ್ನೂ ಕಲಿತಿರಬೇಕು.

ಯೊಕೊಯಿಗೆ ಕಷ್ಟವಾದದ್ದು ಈ ಎರಡನೆಯದು. ಯುದ್ಧ ಮುಗಿದಿದೆಯೆಂದು ಸುಮಾರು 1952ರಲ್ಲಿಯೇ ಕರಪತ್ರಗಳಿಂದ ಅವನಿಗೆ ತಿಳಿದಿತ್ತು. ಶರಣಾಗುವ ನಾಚಿಕೆಯೂ ಅಂಜಿಕೆಯೂ ಅವನನ್ನು ಒಳಗೇ ಉಳಿಸಿದವು. ಕಾಡಿನಲ್ಲೇ ಬೇರೆ ಕಡೆ ಇದ್ದ ಇಬ್ಬರು ಸಂಗಡಿಗರು 1964ರಲ್ಲಿ ತೀರಿಕೊಂಡರು; ಅಲ್ಲಿಂದ ಮುಂದೆ ಎಂಟು ವರ್ಷ ಅವನು ಯಾರೊಡನೆಯೂ ಮಾತನಾಡಲಿಲ್ಲ. ಹಗೆಗಳಿಂದ ಅಡಗಿಸಿದ ಮರೆ ನಂಟರಿಂದಲೂ ಅಡಗಿಸಿತು. ಸರ್ಕಾರ ಅವನನ್ನು ಮೃತನೆಂದು ಘೋಷಿಸಿದ ಮೇಲೆ, 1955ರಲ್ಲಿ, ತಾಯಿ ಮಗನ ಹೆಸರಿನಲ್ಲಿ ಒಂದು ಸಮಾಧಿಶಿಲೆಯನ್ನು ಮಾಡಿಸಿದಳು. ಆಕೆ ಕಲ್ಲನ್ನು ಮಾಡಿಸಿದಾಗ ಮಗ ಕಾಡಿನ ಮರೆಯಲ್ಲಿ ಬದುಕಿದ್ದನು. ಊರಿಗೆ ಹಿಂದಿರುಗಿದ ಮೇಲೆ ಅವನು ಮದುವೆಯಾದನು, ನಿರಾಡಂಬರವಾಗಿ ಬದುಕುವುದು ಹೇಗೆಂದು ಜನರಿಗೆ ಹೇಳುತ್ತ 25 ವರ್ಷ ಬಾಳಿದನು. 1997ರಲ್ಲಿ ತೀರಿಕೊಂಡಾಗ, ತಾಯಿ ಮಾಡಿಸಿಟ್ಟಿದ್ದ ಆ ಕಲ್ಲಿನ ಅಡಿಯಲ್ಲಿಯೇ ಅವನನ್ನು ಮಣ್ಣುಮಾಡಿದರು.

ಮರೆಯ ಮನೆಯನ್ನು ಕಟ್ಟುವವರು ಎಲೆಯನ್ನು ಎಲ್ಲಿಂದ ತರಬೇಕೆಂದು ಕೇಳುತ್ತಾರೆ. ಮುಚ್ಚಳವನ್ನು ಎಂದು ತೆಗೆಯಬೇಕೆಂಬುದನ್ನೂ ಅವರು ಅಂದೇ ಕೇಳಿಕೊಂಡಿರುವುದು ಒಳ್ಳೆಯದು.